ಸೋತವರಿಗೆ ಹಾಕಿದ ಓಟು ಹಾಳಾಗುತ್ತದೆಯೇ?

ಪ್ರಶ್ನೆ: ನಾನು ಓಟು ಹಾಕಿದವರು ಮೂರು ಚುನಾವಣೆಗಳಲ್ಲೂ ಸೋತಿದ್ದಾರೆ. ‘ಗೆಲ್ಲುವವರಿಗೆ ಹಾಕು, ಓಟು ಹಾಳು ಮಾಡಬೇಡ’ ಎಂದು ಮನೆಯಲ್ಲಿ ಬೈಯುತ್ತಾರೆ. ನನ್ನ ಓಟು ವ್ಯರ್ಥವಾಯಿತೇ?
– ಸಿಂಧನೂರಿನ ಓದುಗರೊಬ್ಬರು

ಉತ್ತರ: ಇಲ್ಲ. ನಿಮ್ಮ ನೆರೆಯ ಮಸ್ಕಿ ಕ್ಷೇತ್ರವನ್ನೇ ನೋಡಿ. 2018ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಕಾಂಗ್ರೆಸ್‌ನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು ಸೋಲಿಸಿದ್ದು ಬರೀ 213 ಮತಗಳಿಂದ. ಗಂಟುಮೂಟೆ, ಮಕ್ಕಳ ಸಮೇತ ಬೆಂಗಳೂರಿಗೆ ಗುಳೆ ಹೊರಟವರನ್ನು ತುಂಬಿಕೊಂಡ ನಾಲ್ಕು ಬಸ್ಸುಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಹೆಚ್ಚು ಕಡಿಮೆ ಅಷ್ಟೇ ಜನ.

ಸೋತವರಿಗೂ 60 ಸಾವಿರ ದಾಟಿ ಮತ ಬಿದ್ದಿದ್ದವು. ಅವನ್ನು ಹಾಕಿದವರಿಗೆ ಅಂದು ನಿಮ್ಮಂತೆಯೇ ಅನ್ನಿಸಿರಬೇಕು. ಆದರೆ ಅಷ್ಟು ಮತ ಪಡೆದ ಮನುಷ್ಯನನ್ನು ಯಾವ ಪಕ್ಷವೂ ಕಡೆಗಣಿಸಲಾರದು. ಮುಂದೆ ಪ್ರತಾಪಗೌಡರು ಬಿಜೆಪಿಗೆ ಹೋದರು, ತುರ್ವಿಹಾಳರು ಕಾಂಗ್ರೆಸ್‌ಗೆ ಬಂದರು. 2021ರ ಉಪಚುನಾವಣೆಯಲ್ಲಿ ಅದೇ ಇಬ್ಬರು ಚಿಹ್ನೆ ಅದಲುಬದಲಾಗಿ ಎದುರುಬದುರಾದಾಗ ತುರ್ವಿಹಾಳರು 30 ಸಾವಿರಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಆ ಗೆಲುವಿನ ಬುಡದಲ್ಲಿ 2018ರ ಸೋತ ಮತಗಳಿವೆ ಎಂದೇ ನಾನು ನಂಬುತ್ತೇನೆ.

ಎಣಿಕೆ ಮುಗಿದ ಮೇಲೆ ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿತ್ತು ಎಂಬ ಪಟ್ಟಿ ಹೊರಬರುತ್ತದೆ. ಇದಕ್ಕೆ ನಮೂನೆ 20 ಎಂದು ಹೆಸರು. ಗೆದ್ದವರೂ ಸೋತವರೂ ಅದನ್ನು ಸಾಲು ಸಾಲಾಗಿ ಓದುತ್ತಾರೆ. ನಿಮ್ಮೂರಿನ ಮತಗಟ್ಟೆಯಲ್ಲಿ ಎದುರಾಳಿಗೆ ನೂರೈವತ್ತು ಮತ ಬಿದ್ದಿದ್ದರೆ, ಊರಿನ ಕುಡಿಯುವ ನೀರಿನ ಅರ್ಜಿಯನ್ನು ಗೆದ್ದವರು ಬದಿಗೆ ಸರಿಸುವ ಮುನ್ನ ಒಮ್ಮೆ ಯೋಚಿಸಬೇಕಾಗುತ್ತದೆ. ನಾಮಪತ್ರ ಸಲ್ಲಿಸುವಾಗ ಅಭ್ಯರ್ಥಿ ಕಟ್ಟುವ ಠೇವಣಿಯ ಲೆಕ್ಕವೂ ಇದೆ. ಸಿಂಧುವಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಪಡೆದರೆ ಮಾತ್ರ ಸೋತ ಅಭ್ಯರ್ಥಿಗೆ ಅದು ಮರಳಿ ಸಿಗುತ್ತದೆ.

‘ಗೆಲ್ಲುವವರು’ ಯಾರೆಂದು ಮೊದಲೇ ಹೇಳುವವರು ಯಾರು? 2023ರಲ್ಲಿ ಗಂಗಾವತಿಯಲ್ಲಿ ಜನಾರ್ದನ ರೆಡ್ಡಿಯವರು ಗೆದ್ದದ್ದು ಹುಟ್ಟಿ ಆರು ತಿಂಗಳೂ ತುಂಬದ ಪಕ್ಷದಿಂದ. ಅವರ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಹೊಸ ಪಕ್ಷಕ್ಕೆ ಹಾಕಿದ ಓಟು ಹಾಳು ಎಂದು ಎಲ್ಲರೂ ಎಣಿಸಿದ್ದರೆ ಆ ಫಲಿತಾಂಶ ಬರುತ್ತಿರಲಿಲ್ಲ.

ನಮ್ಮ ಪದ್ಧತಿಯಲ್ಲಿ ಒಂದೇ ಒಂದು ಮತ ಹೆಚ್ಚು ಪಡೆದವರಿಗೆ ಇಡೀ ಕ್ಷೇತ್ರ ಸಿಗುತ್ತದೆ, ಉಳಿದವರಿಗೆ ಸ್ಥಾನವಿಲ್ಲ. ಇದು ನಿಜ, ನನಗೂ ಇದು ನೋವಿನ ಸಂಗತಿಯೇ. ‘ಇವರಲ್ಲಿ ಯಾರೂ ಬೇಡ’ ಎನ್ನುವ ನೋಟಾ ಇನ್ನೂ ದುರ್ಬಲ. ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ಅದಕ್ಕೆ ಎಲ್ಲರಿಗಿಂತ ಹೆಚ್ಚು ಮತ ಬಂದರೂ ನಂತರದ ಅಭ್ಯರ್ಥಿಯೇ ಗೆದ್ದಂತೆ. ಠೇವಣಿಯ ಲೆಕ್ಕಕ್ಕೂ ಅದು ಬರುವುದಿಲ್ಲ.

ನಿಜಕ್ಕೂ ಹಾಳಾಗುವ ಓಟು ಬೇರೆಯೇ ಇದೆ. ಗ್ರಾಮ ಪಂಚಾಯಿತಿಯ ಮತಪತ್ರದಲ್ಲಿ ಮುದ್ರೆ ಇಬ್ಬರ ಚಿಹ್ನೆಗಳ ಮೇಲೆ ಬಿದ್ದರೆ ಅದು ಕುಲಗೆಟ್ಟ ಮತ. ಗುಳೆ ಹೋದವರು ಊರಿಗೆ ಬರಲಾಗದೆ ಉಳಿದ ಓಟನ್ನಂತೂ ಯಾವ ಪಟ್ಟಿಯೂ ತೋರಿಸುವುದಿಲ್ಲ. ಇನ್ನೊಂದು, ನೀವು ಹೋಗುವಷ್ಟರಲ್ಲಿ ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಹಾಕಿ ಹೋಗಿರುವುದು. ಆಗ ದಯವಿಟ್ಟು ಮನೆಗೆ ಮರಳಬೇಡಿ. ಗುರುತಿನ ಚೀಟಿ ತೋರಿಸಿ, ಮತಗಟ್ಟೆ ಅಧಿಕಾರಿಯ ಬಳಿ ‘ಟೆಂಡರ್ಡ್ ಮತಪತ್ರ’ ಕೊಡಿ ಎಂದು ಕೇಳಿ. ಅದನ್ನು ಯಂತ್ರದಲ್ಲಲ್ಲ, ಕಾಗದದ ಮೇಲೆ ಹಾಕುತ್ತೀರಿ, ಲಕೋಟೆಯಲ್ಲಿ ಬೇರೆಯಾಗಿ ಇಡುತ್ತಾರೆ. ಎಣಿಕೆಯ ದಿನ ಅದನ್ನು ತೆರೆಯುವುದಿಲ್ಲ. ಆದರೆ ಫಲಿತಾಂಶದ ತಕರಾರು ಹೈಕೋರ್ಟಿಗೆ ಹೋದರೆ, ನ್ಯಾಯಾಧೀಶರು ಆ ಲಕೋಟೆಯನ್ನು ತರಿಸಿಕೊಳ್ಳಬಹುದು.