ಸುನಾಮಿ ದಾಖಲೆಯಿಂದ ಫಾಲ್ಟ್ ಹುಡುಕುವುದು: ಅಂಚಿನ ಗೊಂದಲ

ವಾಸ್ಕೋದಲ್ಲಿ ನನ್ನ ಜೊತೆ ಓದುವ ಕನ್ನಡದ ಗೆಳೆಯರಿಗಾಗಿ ಈ ಟಿಪ್ಪಣಿ. ಸುನಾಮಿ ಅಲೆಯ ದಾಖಲೆಯಿಂದ ಅದನ್ನು ಎಬ್ಬಿಸಿದ ಫಾಲ್ಟನ್ನು, ಅಂದರೆ ಭೂಕಂಪದಲ್ಲಿ ಸೀಳಿ ಜಾರುವ ನೆಲದ ಬಿರುಕನ್ನು, ಹುಡುಕುವುದು ಹೇಗೆ ಅನ್ನುವುದು ನನಗೆ ನಿನ್ನೆ ರಾತ್ರಿಯಷ್ಟೇ ತಲೆಗೆ ಹೋಗಿದೆ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಬಂದರಿನ ಟೈಡ್ ಗೇಜ್ ನೀರಿನ ಮಟ್ಟ ಬರೆಯುತ್ತಲೇ ಇರುತ್ತದೆ. ಅದರಲ್ಲಿ ಉಬ್ಬರ-ಇಳಿತ ಕಳೆದರೆ ಸುನಾಮಿಯ ಗೆರೆ ಉಳಿಯುತ್ತದೆ. 2004ರ ಡಿಸೆಂಬರ್ 26ರ ಅಲೆ ಶ್ರೀಲಂಕಾ ಬಳಸಿಕೊಂಡು ಬಂದು ನಮ್ಮ ಮರ್ಮಗೋವಾದ ಗೇಜ್‌ನಲ್ಲೂ ಗುರುತು ಬಿಟ್ಟಿದೆ.

ವೇಗದ ಲೆಕ್ಕ ಸುಲಭ. ಮೀಟರ್‌ನಲ್ಲಿರುವ ಆಳವನ್ನು 9.8ರಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. ಸಿಗುವುದು ಸೆಕೆಂಡಿಗೆ ಎಷ್ಟು ಮೀಟರ್ ಅನ್ನುವುದು; 3.6ರಿಂದ ಗುಣಿಸಿದರೆ ಗಂಟೆಗೆ ಕಿ.ಮೀ. 4000 ಮೀಟರ್ ಆಳದಲ್ಲಿ ಗಂಟೆಗೆ ಸುಮಾರು 710 ಕಿ.ಮೀ., 50 ಮೀಟರ್ ಆಳದಲ್ಲಿ ಬರೀ 80. ಇಲ್ಲಿ ದಿಕ್ಕಿನ ಮಾತೇ ಇಲ್ಲ. ಹೋಗಲು ಎಷ್ಟು ಹೊತ್ತೋ ಬರಲೂ ಅಷ್ಟೇ. ಆದ್ದರಿಂದ ಕಂಪ್ಯೂಟರಿನಲ್ಲಿ ಬಂದರಿನಿಂದಲೇ ಅಲೆಯನ್ನು ಹಿಂದಕ್ಕೆ ಓಡಿಸಬಹುದು. ಭೂಕಂಪದ ಹೊತ್ತಿಗೆ ಅದು ತಲುಪುವಲ್ಲಿ ಒಂದು ಕಮಾನು ಗೆರೆ ಎಳೆಯಬೇಕು.

ನಾನು ಸಿಕ್ಕಿಬಿದ್ದದ್ದು ಇಲ್ಲೇ. ಎಲ್ಲ ಬಂದರುಗಳ ಕಮಾನುಗಳೂ ಭೂಕಂಪದ ಕೇಂದ್ರದಲ್ಲಿ ಸೇರಬೇಕಲ್ವಾ? ಸೇರುವುದಿಲ್ಲ. ಮೂರು ಸಂಜೆ ನನ್ನ ಆಳದ ನಕ್ಷೆಯಲ್ಲಿ ಸುಮ್ನೆ ತಪ್ಪು ಹುಡುಕಿದೆ.

ದಾಮೋದರ ಸಪ್ತಾಹದ ಜಾತ್ರೆ ನೆನಪಿಸಿಕೊಳ್ಳಿ. ಬೀದಿ ತುಂಬ ಜನ. ಮಳೆ ಬಂತು, ಎಲ್ಲರೂ ಓಡಿದರು. ಬೀದಿಯಾಚೆ, ಆ ಕೊನೆಯಲ್ಲಿ ನೀವು, ಈ ಕೊನೆಯಲ್ಲಿ ನಾನು ನಿಂತಿದ್ದೇವೆ. ನಿಮ್ಮ ಹತ್ತಿರ ಮೊದಲು ಬರುವವರು ಯಾರು? ಗುಂಪಿನ ಆ ತುದಿಯಲ್ಲಿದ್ದವರು. ನನ್ನ ಹತ್ತಿರ ಬರುವವರು ಈ ತುದಿಯವರು. ಓಟದ ವೇಗ, ಬಂದ ಹೊತ್ತು ಎರಡೂ ಗೊತ್ತಿದ್ದರೆ ನಮ್ಮಿಬ್ಬರಿಗೂ ಸಿಗುವುದು ಗುಂಪಿನ ಅಂಚು. ಮೊದಲ ಹನಿ ಎಲ್ಲಿ ಬಿತ್ತು ಅನ್ನುವುದು ಇದರಿಂದ ತಿಳಿಯುವುದಿಲ್ಲ.

ಆ ಮೊದಲ ಹನಿಯೇ ಭೂಕಂಪದ ಕೇಂದ್ರ, ಫಾಲ್ಟ್ ಸೀಳಲು ಶುರುವಾದ ಚುಕ್ಕಿ. ಗುಂಪು ಅಂದರೆ ಮೇಲೆದ್ದ ಇಡೀ ಸಮುದ್ರತಳ. 2004ರಲ್ಲಿ ಸೀಳು ಸುಮಾತ್ರಾ ಹತ್ತಿರ ಶುರುವಾಗಿ ಅಂಡಮಾನ್ ಕಡೆಗೆ ಸಾವಿರ ಕಿ.ಮೀ.ಗೂ ಜಾಸ್ತಿ ಓಡಿತು. ಅಷ್ಟುದ್ದದ ಜಾಗವನ್ನು ಒಂದು ಚುಕ್ಕಿಯಲ್ಲಿ ಹುಡುಕಿದರೆ ಸಿಗುವುದು ಹೇಗೆ!

ಹಾಗಾಗಿ ಬೇರೆ ಬೇರೆ ದಿಕ್ಕಿನ ಗೇಜ್ ಬೇಕು. 1945ರ ನವೆಂಬರ್ 28ರ ನಸುಕಿನ ಮಕ್ರಾನ್ ಭೂಕಂಪದ ಅಲೆ ಕರಾಚಿ, ಮುಂಬೈ ಗೇಜ್‌ಗಳಲ್ಲಿ ದಾಖಲಾಗಿದೆ. ಎರಡೂ ಪೂರ್ವದ ಕಡೆಯವು. ಈ ಎರಡನ್ನೇ ನಂಬಿದರೆ ಪಶ್ಚಿಮದ ಅಂಚು ಸಡಿಲವಾಗಿಯೇ ಉಳಿಯುತ್ತದೆ. ಮುಂಬೈ ಎದುರಿನ ಸಮುದ್ರ ತುಂಬ ದೂರದವರೆಗೆ ಆಳವಿಲ್ಲದ್ದು. ಅಲ್ಲಿ ಆಳ ಸ್ವಲ್ಪ ತಪ್ಪಿದರೂ ಕಮಾನು ಎಷ್ಟೋ ಸರಿದುಬಿಡುತ್ತದೆ.

ಅಂಚು ಸಿಕ್ಕ ಮೇಲೆ ಜಾರಿಕೆಯ ಲೆಕ್ಕ. ಫಾಲ್ಟನ್ನು ತುಂಡು ಮಾಡಿ, ಒಂದೊಂದು ತುಂಡೂ 1 ಮೀಟರ್ ಜಾರಿದರೆ ಪ್ರತಿ ಗೇಜ್‌ನಲ್ಲಿ ಎಂಥ ಅಲೆ ಬರುತ್ತದೆ ನೋಡಿಕೊಳ್ಳಿ. ಆಳ ಸಮುದ್ರದಲ್ಲಿ ಅಲೆಗಳು ನೇರವಾಗಿ ಕೂಡುತ್ತವೆ. ಹಾಗಾಗಿ ಯಾವ ತುಂಡನ್ನು ಎಷ್ಟರಿಂದ ಗುಣಿಸಿ ಕೂಡಿದರೆ ದಾಖಲೆಯ ಗೆರೆಗೆ ಹೊಂದುತ್ತದೋ, ಆ ತುಂಡು ಅಷ್ಟು ಮೀಟರ್ ಜಾರಿದೆ.