ಗಿಡ ಹಸಿರು, ತೆನೆಯಲ್ಲಿ ಕಾಳಿಲ್ಲ: ಯಾಕ್ರೀ ಹಿಂಗ?

ರಾಣೇಬೆನ್ನೂರು ಕಡೆಯ ಓದುಗರ ಪ್ರಶ್ನೆ: "ನಾವು ಗೋವಿನಜೋಳದ ಸೀಡ್ಸ್ ಪ್ಲಾಟ್ ಮಾಡ್ತೀವ್ರಿ. ನ್ಯೂಕ್ಲಿಯಸ್ಸಿನ ಒಳಗ-ಹೊರಗ ಸಾಗಣಿ ಮಾಡೋ ಜೀನ್ ಕೆಟ್ರ ಗಿಡ ಚೊಲೋನ ಇರತೈತಿ, ಕಾಳು ಮಾತ್ರ ಕಟ್ಟಂಗಿಲ್ಲ ಅಂತ ಓದಿದೆ. ಅಷ್ಟು ಮುಖ್ಯದ ಜೀನ್ ಆಗಿದ್ರ ಇಡೀ ಗಿಡಾನ ಸಾಯಬೇಕಲ್ರೀ?"

ಬಹಳ ಒಳ್ಳೆಯ ಪ್ರಶ್ನೆ. ಡಿಎನ್‌ಎಯ ಬಹುಪಾಲು ಇರುವುದು ಜೀವಕೋಶದ ನಡುವಣ ಚೀಲದಂಥ ನ್ಯೂಕ್ಲಿಯಸ್ಸಿನೊಳಗೆ, ಪ್ರೋಟೀನು ತಯಾರಾಗುವುದು ಅದರ ಹೊರಗೆ. ಸಣ್ಣ ಅಣುಗಳು ನ್ಯೂಕ್ಲಿಯಸ್ಸಿನ ಪರದೆಯ ರಂಧ್ರಗಳಲ್ಲಿ ತಾವೇ ನುಸುಳುತ್ತವೆ. ಸುಮಾರು 40 ಕಿಲೋಡಾಲ್ಟನ್ (ಅಣುವಿನ ತೂಕದ ಅಳತೆ) ಮೀರಿದ ಪ್ರೋಟೀನಿಗೆ ಜೊತೆಗಾರ ಬೇಕು: ಒಳಗೊಯ್ಯಲು ಇಂಪೋರ್ಟಿನ್, ಹೊರತರಲು ಎಕ್ಸ್‌ಪೋರ್ಟಿನ್. ಯಾವ ಜೀನ್ ಯಾವಾಗ ಕೆಲಸ ಮಾಡಬೇಕೆಂದು ನಿರ್ಧರಿಸುವ ಪ್ರೋಟೀನುಗಳೂ ಹೀಗೆಯೇ ಒಳಸೇರಬೇಕು.

ಗೋವಿನಜೋಳದ ಎಲೆಯ ಜೀವಕೋಶದಲ್ಲಿ ಜೀನ್‌ಗಳನ್ನು ಹೊತ್ತ 20 ಕ್ರೋಮೋಸೋಮ್, ಅಂದರೆ 10 ಜೋಡಿ. ಜೀನಿನ ಒಂದು ಪ್ರತಿ ಕೆಟ್ಟರೆ ಜೋಡಿಯದು ಕೆಲಸ ನಡೆಸುತ್ತದೆ. ಪರಾಗದ ಕಣಕ್ಕೆ ಸಿಗುವುದು 10 ಮಾತ್ರ. ಕೆಟ್ಟ ಪ್ರತಿ ಬಂತೆಂದರೆ ಅದನ್ನು ಸರಿದೂಗಿಸಲು ಜೋಡಿಯೇ ಇಲ್ಲ. ಅಂಡದ ಕಡೆಯೂ ಇದೇ ಪಾಡು. ಹಾಗಾಗಿ ಪೆಟ್ಟು ಮೊದಲು ಬೀಳುವುದು ಫಲವಂತಿಕೆಗೆ.

ಇದು ಬರೀ ಊಹೆಯಲ್ಲ. ಸಾಸಿವೆ ಕುಟುಂಬದ ಅರಬಿಡಾಪ್ಸಿಸ್ ಗಿಡದಲ್ಲಿ ಎಕ್ಸ್‌ಪೋರ್ಟಿನ್-1ರ ಎರಡು ಸೋದರ ಜೀನ್‌ಗಳಿವೆ. 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದೇ ಕೆಟ್ಟಾಗ ಗಿಡ ಮಾಮೂಲಾಗಿ ಬೆಳೆಯಿತು. ಎರಡೂ ಕೆಟ್ಟ ಪರಾಗ ಸರಿಯಾಗಿ ಮೊಳೆಯಲಿಲ್ಲ, ಅಂಡಕೋಶದ ಬೆಳವಣಿಗೆಯೂ ಹಾದಿ ತಪ್ಪಿತು. ಆ ಸೋದರರಲ್ಲೊಂದು ಬಿಸಿಲ ತಾಪ ತಾಳಲೂ ಬೇಕು ಎಂದು ಬೇರೆ ಪ್ರಯೋಗಗಳು ತೋರಿಸಿವೆ. ನಮ್ಮ ಬಯಲುಸೀಮೆಯ ಬೆಳೆಗಳ ಮಟ್ಟಿಗೆ ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಈ ಸಂಗತಿ.

ಹೈಬ್ರಿಡ್ ಜೋಳದ (ಗೋವಿನಜೋಳವಲ್ಲ, ರೊಟ್ಟಿಯ ಜೋಳ) ಬೀಜೋತ್ಪಾದನೆಯಲ್ಲಿ ಬಳಸುವ ಗಂಡುಬಂಜೆ ಸಾಲಿನ, ಅಂದರೆ ಫಲ ಕಟ್ಟಿಸುವ ಪರಾಗ ಕೊಡದ ತಳಿಯ, ಕಥೆ ಬೇರೆ. ಅಲ್ಲಿ ದೋಷದ ಮೂಲ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದಲ್ಲಿದೆ. ಭಾರತದ ಮೊದಲ ಹೈಬ್ರಿಡ್ ಜೋಳ, 1964ರ ಸಿಎಸ್‌ಎಚ್-1 ಬಂದದ್ದು ಆ ದಾರಿಯಲ್ಲಿ.

ಇನ್ನು ನಿಮ್ಮ ಪ್ಲಾಟಿನ ಮಾತು. ಒಂದು ಪ್ರತಿ ಮಾತ್ರ ಕೆಟ್ಟ ಗಿಡದ ಸೂಲಂಗಿಯಲ್ಲಿ ಅರ್ಧ ಪರಾಗ ಕೆಟ್ಟರೂ ಉಳಿದರ್ಧ ಧಾರಾಳ ಸಾಕು. ಹೊಲದಲ್ಲಿ ಏನೂ ಗೊತ್ತಾಗುವುದಿಲ್ಲ. ಅಂಡಗಳೂ ಅರ್ಧದಷ್ಟು ಕೆಟ್ಟರೆ ತೆನೆ ಸುಲಿದಾಗ ಬುಡದಿಂದ ತುದಿಯವರೆಗೆ ಅಲ್ಲೊಂದು ಇಲ್ಲೊಂದು ಕಾಳು, ನಡುನಡುವೆ ಖಾಲಿ. ಅಂಥ ಗಿಡ ಸಾಲಿನಲ್ಲಿ ಒಂಟಿಯಾಗಿರುತ್ತದೆ, ಪಕ್ಕದವು ತುಂಬಿರುತ್ತವೆ. ತೆನೆಯ ತುದಿಯಷ್ಟೇ ಬೋಳಾಗಿ, ಒಂದೇ ವಾರ ಹೂ ಬಿಟ್ಟ ಗಿಡಗಳೆಲ್ಲ ಹಾಗೇ ಇದ್ದರೆ ಜೀನನ್ನು ದೂರಬೇಡಿ. ಆ ವಾರದ ಬಿಸಿಲು, ನೀರಿನ ಕೊರತೆಯನ್ನು ಮೊದಲು ವಿಚಾರಿಸಿ.