ಕಿವಿ ಕೆಳಗಿನ ಗಂಟು: ಸೂಜಿ ಟೆಸ್ಟನ್ನು ಎಷ್ಟು ನಂಬಬಹುದು?

ಕಿವಿಯ ಕೆಳಗೆ ನೋವಿಲ್ಲದ ಗಂಟು ಕಾಣಿಸಿಕೊಂಡು ಮೈಸೂರಿನ ದೊಡ್ಡಾಸ್ಪತ್ರೆಗೆ ಹೋದರೆ, ಸ್ಕ್ಯಾನ್ ಜೊತೆ ಡಾಕ್ಟರು ಸಾಮಾನ್ಯವಾಗಿ ಬರೆಯುವುದು ಎಫ್‌ಎನ್‌ಎಸಿ, ಅಂದರೆ ಸೂಜಿ ಟೆಸ್ಟ್. ಸಣ್ಣ ಸೂಜಿ ಚುಚ್ಚಿ ಒಂದಿಷ್ಟು ಜೀವಕೋಶ ಎಳೆದು, ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. 'ಚುಚ್ಚಿದ್ರೆ ಗಡ್ಡೆ ಕೆರಳುತ್ತೆ' ಅಂತ ಮಂಡ್ಯದ ಕಡೆ ಹೆದರುವವರು ಇನ್ನೂ ಇದ್ದಾರೆ. ಇಷ್ಟು ಸಣ್ಣ ಸೂಜಿಯಿಂದ ಕ್ಯಾನ್ಸರ್ ಹರಡುವುದು ತೀರಾ ಅಪರೂಪ. ಜಾಸ್ತಿ ಯೋಚಿಸಬೇಕಾದ್ದು ರಿಪೋರ್ಟ್ ಕೈಗೆ ಬಂದ ಮೇಲೆ.

ಕಿವಿ ಕೆಳಗಿನ ಇಂಥ ಗಂಟು ಜೊಲ್ಲುಗ್ರಂಥಿಯ ಗಡ್ಡೆಯಾಗಿರಬಹುದು. ಅಂಥ ಗಡ್ಡೆಯಲ್ಲಿ ಸೂಜಿ 'ಕ್ಯಾನ್ಸರ್' ಅಂದರೆ ಬಹುಪಾಲು ಅದು ನಿಜ. 'ಅಲ್ಲ' ಅಂದಾಗ ಮಾತು ಅಷ್ಟು ಗಟ್ಟಿಯಲ್ಲ. ಹಲವು ಅಧ್ಯಯನಗಳನ್ನು ಸೇರಿಸಿ ಲೆಕ್ಕ ಹಾಕಿದಾಗ, ಕ್ಯಾನ್ಸರ್ ಇರುವ 100 ಜನರಲ್ಲಿ ಸುಮಾರು 80 ಜನರನ್ನು ಈ ಟೆಸ್ಟ್ ಹಿಡಿಯುತ್ತದೆ. ಇಲ್ಲದ 100 ಜನರಲ್ಲಿ ಸುಮಾರು 97 ಮಂದಿಗೆ ಇಲ್ಲವೆಂದೇ ಹೇಳುತ್ತದೆ.

ಯಾಕೆ ಹೀಗೆ? ಮಂಡಿಯಲ್ಲಿ ಭತ್ತದ ಮೂಟೆಗೆ ಕೊಳವೆ ಚುಚ್ಚಿ ಹಿಡಿ ಕಾಳು ತೆಗೆದು ನೋಡುತ್ತಾರಲ್ಲ, ಹಾಗೆ ಇದು. ಕಾಳು ಹೇಗಿದೆ ಗೊತ್ತಾಗುತ್ತದೆ, ಚೀಲ ಎಲ್ಲಿ ಹರಿದಿದೆ ಗೊತ್ತಾಗುವುದಿಲ್ಲ. ಇಲ್ಲಿ ಕೆಲವು ಕ್ಯಾನ್ಸರ್‌ಗಳ ಜೀವಕೋಶ ನೋಡಲು ಸಾಧುವಾಗಿಯೇ ಇರುತ್ತದೆ. ಗಡ್ಡೆ ತನ್ನ ಪೊರೆ ದಾಟಿದೆಯೇ ಎಂಬುದರಿಂದಲೇ ಅದರ ಗುಣ ತಿಳಿಯಬೇಕು. ಜೊಲ್ಲುಗ್ರಂಥಿಯಲ್ಲಿ ಬರುವ ಮ್ಯೂಕೋಎಪಿಡರ್ಮಾಯ್ಡ್ ಎಂಬ ಕ್ಯಾನ್ಸರಿನ ನಿಧಾನದ ಬಗೆಯಲ್ಲಿ ಸೂಜಿಗೆ ಬರೀ ಲೋಳೆ ಸಿಕ್ಕಿ, ನೀರುಗುಳ್ಳೆ ಅನ್ನಿಸಿಬಿಡಬಹುದು.

ಹಾಗಾದರೆ ಒಂದು ಚೂರು ಕುಯ್ದೇ ನೋಡಬಾರದೇ? ಕಿವಿಯ ಮುಂದೆ, ಕೆಳಗೆ ಹರಡಿರುವ ಪೆರೋಟಿಡ್ ಎಂಬ ಜೊಲ್ಲುಗ್ರಂಥಿಯೊಳಗೆ ಮುಖದ ನರ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಬಾಯಿ ಸೊಟ್ಟಗಾಗುತ್ತದೆ. ಅಲ್ಲಿ ಅತಿ ಹೆಚ್ಚು ಕಾಣುವ ಪ್ಲಿಯೋಮಾರ್ಫಿಕ್ ಅಡೆನೋಮಾ ಎಂಬ ಗಡ್ಡೆ ಕ್ಯಾನ್ಸರ್ ಅಲ್ಲ, ನಿಜ. ಆದರೆ ಪೊರೆ ಒಡೆದು ಚೆಲ್ಲಿದರೆ ಎಷ್ಟೋ ವರ್ಷದ ಮೇಲೆ ಅಲ್ಲಲ್ಲಿ ಮತ್ತೆ ಮೊಳೆಯುತ್ತದೆ. ಸ್ವಲ್ಪ ದಪ್ಪ ಸೂಜಿಯಿಂದ ಎಳೆಯಂಥ ತುಣುಕು ತೆಗೆಯುವ ಕೋರ್ ಬಯಾಪ್ಸಿಯೂ ಇದೆ. ಅದು ಹೆಚ್ಚು ನಿಖರ.

2018ರಲ್ಲಿ ಬಂದ ಮಿಲಾನ್ ಪದ್ಧತಿ ಈ ಸೂಜಿ ಟೆಸ್ಟಿನ ರಿಪೋರ್ಟ್‌ಗಳನ್ನು ಆರು ವರ್ಗ ಮಾಡಿತು. ಅನುಮಾನದ್ದಕ್ಕೆಲ್ಲ ಬೇರೆ ವರ್ಗ ಇರುವುದರಿಂದ, 'ಕ್ಯಾನ್ಸರಲ್ಲದ ಗಡ್ಡೆ' ಎಂದು ಬರೆದ ಮೇಲೂ ಅದು ಕ್ಯಾನ್ಸರ್ ಆಗಿರುವ ಸಾಧ್ಯತೆ ಶೇ. 5ಕ್ಕಿಂತ ಕಡಿಮೆ. 'ಸ್ಯಾಂಪಲ್ ಸಾಲದು' ಅಂತ ಬಂದರೆ ಮಾತ್ರ ಸಮಾಧಾನಪಡಬೇಡಿ. ಅದು ಉತ್ತರವೇ ಅಲ್ಲ, ಅಲ್ವಾ? ಗಂಟಿನ ಜಾಗವನ್ನೂ ನೋಡಬೇಕು. ಪೆರೋಟಿಡ್ ಗಡ್ಡೆಗಳಲ್ಲಿ ಐದರಲ್ಲಿ ಸುಮಾರು ನಾಲ್ಕು ಕ್ಯಾನ್ಸರಲ್ಲ, ದವಡೆ ಕೆಳಗಿನ ಗ್ರಂಥಿಯಲ್ಲಿ ಅರ್ಧಕ್ಕರ್ಧ ಎನ್ನಬಹುದು. ಗಂಟು ಬೇಗ ಬೇಗ ಬೆಳೆಯುತ್ತಿದ್ದರೆ, ಕಣ್ಣು ಪೂರ್ತಿ ಮುಚ್ಚಲಾಗದಿದ್ದರೆ (ಮುಖದ ನರಕ್ಕೆ ತೊಂದರೆಯಾದ ಗುರುತು), ರಿಪೋರ್ಟ್ ಏನೇ ಹೇಳಲಿ, ಅಲ್ಟ್ರಾಸೌಂಡ್ ನೋಡಿಕೊಂಡು ಇನ್ನೊಮ್ಮೆ ಚುಚ್ಚಿಸಬೇಕೇ ಎಂದು ಡಾಕ್ಟರನ್ನು ಕೇಳಿ.